ಹಿರಿಯರ ಕೇಂದ್ರದ ಶೌಚಾಲಯ ಮತ್ತು ನನ್ನ ಸ್ಕೂಟರ್

ದೀಪಾವಳಿ ಕಳೆದ ಮೊದಲ ಸೋಮವಾರ ಬೆಳಿಗ್ಗೆ, ನಮ್ಮೂರಿನ ಹಿರಿಯ ನಾಗರಿಕರ ಕೇಂದ್ರಕ್ಕೆ ಶೌಚಾಲಯ ಬೇಕೋ ಬೇಡವೋ ಎಂದು ಪರಿಶೀಲಿಸಲು ಬಂದಿದ್ದ ಪುರಸಭೆಯ ಮುಖ್ಯಾಧಿಕಾರಿಗಳು ಪಕ್ಕದ ಮನೆಯ ಶೌಚಾಲಯವನ್ನು ಬಳಸಿದರು. ಅವರನ್ನು ಅಲ್ಲಿಗೆ ಕರೆದುಕೊಂಡು ಹೋದವರು ಕೇಂದ್ರದ ಕಾರ್ಯದರ್ಶಿ. ಕಾರ್ಯದರ್ಶಿ ನಾನೇ.

ಊರಿನ ಹೆಸರು ಬರೆಯುವುದಿಲ್ಲ. ಹೊಸದುರ್ಗದವರು ಓದಿದರೆ ಹಿರಿಯೂರು ಅಂದುಕೊಳ್ಳಲಿ, ಹಿರಿಯೂರಿನವರು ಹೊಳಲ್ಕೆರೆ ಅಂದುಕೊಳ್ಳಲಿ. ಘಟನೆ ಮಾತ್ರ ನಿಜ.

ನಾನು ಚಿತ್ರದುರ್ಗದಿಂದ ಹೊರಡುವ ಒಂದು ಪತ್ರಿಕೆಗೆ ತಾಲ್ಲೂಕು ವರದಿಗಾರನಾಗಿದ್ದು ನಿವೃತ್ತನಾದವನು. ಊರವರು ಈಗಲೂ 'ಪೇಪರ್ ರುದ್ರಣ್ಣ' ಎಂದೇ ಕರೆಯುತ್ತಾರೆ. ನನ್ನ ಕಾಲದಲ್ಲಿ ಎಷ್ಟೋ ಹಳ್ಳಿಗಳ ನೀರಿನ ತೊಂದರೆ, ಶಾಲೆಯ ಸೋರುವ ಚಾವಣಿ, ಬಾರದ ಬಸ್ಸು, ಇವುಗಳ ಬಗ್ಗೆ ಬರೆದಿದ್ದೇನೆ. ಅಧಿಕಾರಿಗಳು ಏನು ನೋಡುತ್ತಾರೆ, ಏನು ಕೇಳುತ್ತಾರೆ, ಯಾವಾಗ ಗಡಿಯಾರ ನೋಡಿಕೊಳ್ಳುತ್ತಾರೆ ಎಂಬುದು ನನಗೆ ಬಾಯಿಪಾಠ. ಹೀಗಾಗಿ ಹಿರಿಯರ ಸಂಘದವರು, "ರುದ್ರಣ್ಣ, ಪುರಸಭೆ ಕೆಲ್ಸ ನೀನೇ ನೋಡ್ಕ್ಯಪ್ಪ" ಅಂದಾಗ ಒಂದು ಕ್ಷಣವೂ ಯೋಚಿಸಲಿಲ್ಲ. ಒಂದು ಅರ್ಜಿ, ಒಂದು ಸ್ಥಳ ಪರಿಶೀಲನೆ, ಒಂದು ಮಂಜೂರಾತಿ! ಇದಕ್ಕಿಂತ ಸುಲಭದ ಕೆಲಸ ಯಾವುದಿದೆ?

ಕೇಂದ್ರದ ವಿಚಾರ ಹೇಳಬೇಕು. ಪುರಸಭೆಯ ಹಳೆಯ ವಾಚನಾಲಯದ ಕಟ್ಟಡ ಖಾಲಿ ಬಿದ್ದಿತ್ತು. ಊರಿನ ಹಿರಿಯರು ಹಗಲು ಹೊತ್ತು ಕೂರಲಿ ಎಂದು ಅದನ್ನು ಪುರಸಭೆಯವರು ಬಿಟ್ಟುಕೊಟ್ಟರು. ಗಂಡಸರು ಪೇಪರ್ ಓದಿ ಸರ್ಕಾರಗಳನ್ನು ಬೀಳಿಸುತ್ತಾರೆ. ಹೆಂಗಸರು ಒಳಕೋಣೆಯಲ್ಲಿ ಚೌಕಾಬಾರ ಆಡುತ್ತಾರೆ. ಎಲ್ಲ ಚೆನ್ನಾಗಿಯೇ ಇತ್ತು, ಹಿತ್ತಲಿನ ಶೌಚಾಲಯ ಒಂದನ್ನು ಬಿಟ್ಟು. ಅದರ ಮೇಲೆ ಶೀಟಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಬಾಗಿಲು ಬೀಳದಿರಲಿ ಎಂದು ಹಗ್ಗದಿಂದ ಕಟ್ಟಿ ಇಟ್ಟಿತ್ತು.

ಗಂಡಸರು ಹೇಗೋ ಸುಧಾರಿಸಿಕೊಂಡರು. ಊರಿನಲ್ಲಿ ಗೋಡೆಗಳು ಸಾಕಷ್ಟಿವೆ. ಹೆಂಗಸರು ಮಾತ್ರ ಬೆಳಿಗ್ಗೆ ಎದ್ದಾಗಿನಿಂದ ನೀರು ಕುಡಿಯದೆ ಬರುತ್ತಿದ್ದರು, ಆಟದ ಮಧ್ಯದಲ್ಲೇ ಎದ್ದು ಹೋಗುತ್ತಿದ್ದರು. ಅವರಲ್ಲಿ ನನ್ನ ಹೆಂಡತಿ ಗಿರಿಜೆಯೂ ಒಬ್ಬಳು. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಚೌಕಾಬಾರದಲ್ಲಿ ಅವಳನ್ನು ಮೀರಿಸುವವರಿಲ್ಲ, ಆದರೆ ಅವಳು ಗೆಲ್ಲಬೇಕಾದ ಆಟ ಒಂದೂ ಮುಗಿಯುತ್ತಿರಲಿಲ್ಲ. ಮಳೆಗಾಲದಲ್ಲಿ ಉರಿಮೂತ್ರವಾಗಿ ಡಾಕ್ಟರ ಹತ್ತಿರ ಹೋದೆವು. ಅವರು, "ಏನಮ್ಮ, ನೀರು ಕುಡಿಯೋಕೂ ಸೋಮಾರಿತನಾನಾ?" ಎಂದು ಗದರಿದರು. ಅಂದಿನಿಂದ ಗಿರಿಜೆ ಕೇಂದ್ರಕ್ಕೆ ಹೋಗುವುದನ್ನೇ ಬಿಟ್ಟಳು. ಮಧ್ಯಾಹ್ನವೆಲ್ಲ ಮನೆಯಲ್ಲಿ ಕುಳಿತು ಕವಡೆಗಳನ್ನು ತಾನೇ ಎಸೆದು ತಾನೇ ನೋಡುವಳು.

"ಈ ಸಲ ಬಜೆಟ್ಟಲ್ಲಿ ಹಾಕಿಸ್ತೀನಿ ನೋಡು," ಎಂದೆ.

"ಹಾಕಿಸ್ರಿ, ನೋಡಾಣ," ಎಂದಳು. ನಲವತ್ತು ವರ್ಷ ಜೊತೆಗಿದ್ದವಳ ಧ್ವನಿ ಅದು. ಅದರಲ್ಲಿ ಆಸೆಯೂ ಇರಲಿಲ್ಲ, ಜಗಳವೂ ಇರಲಿಲ್ಲ.

ಅರ್ಜಿ ಬರೆದೆ. ಶೌಚಾಲಯ, ನೀರಿನ ನಲ್ಲಿ, ಮೆಟ್ಟಿಲ ಪಕ್ಕದಲ್ಲಿ ಕೋಲೂರಿ ಹತ್ತಲು ಒಂದು ಇಳಿಜಾರು. ಊರಬಾಗಿಲಿನ ಸ್ವಾಗತ ಕಮಾನಿಗೆ ಎತ್ತಿಡುವ ಅನುದಾನದಲ್ಲಿ ಒಂದು ಪಾಲು ಇದಕ್ಕೆ ಸಾಕು ಎಂದು ವಿನಯದಿಂದ ಸೂಚಿಸಿದೆ. ಕಮಾನಿನ ಕೆಳಗೆ ಬರುವವರು ಒಂದು ಸಲ ದಾಟಿ ಹೋಗುತ್ತಾರೆ, ಊರಿಗೆ ಕಂದಾಯ ಕಟ್ಟುತ್ತಲೇ ಮುದುಕರಾದವರು ದಿನಾ ಇಲ್ಲೇ ಇರುತ್ತಾರೆ ಎಂಬ ವಾಕ್ಯವೂ ಇತ್ತು. ಓದಿ ನನಗೇ ರೋಮಾಂಚನವಾಯಿತು. ಬಜೆಟ್ ಸಭೆಗೆ ಮುಂಚೆ ಸ್ವತಃ ಬಂದು ನೋಡುವುದಾಗಿ ಮುಖ್ಯಾಧಿಕಾರಿಗಳು ತಿಳಿಸಿದರು.

ಸಂಘದ ಸಭೆ ಕರೆದು ಒಂದೇ ಮಾತು ಹೇಳಿದೆ: "ಇರೋದು ಇರೋ ಹಂಗೇ ತೋರ್ಸಾಣ. ಯಾರೂ ಏನೂ ಮಾಡಬ್ಯಾಡ್ರಿ."

ಎಲ್ಲರೂ ತಲೆಯಾಡಿಸಿದರು.

ಸೋಮವಾರ ಬೆಳಿಗ್ಗೆ ಹೋಗಿ ನೋಡುತ್ತೇನೆ, ಕೇಂದ್ರದ ಗುರುತೇ ಸಿಗಲಿಲ್ಲ! ಗೋಡೆಗೆ ಸುಣ್ಣ. ಬಾಗಿಲಿಗೆ ಮಾವಿನ ತೋರಣ. ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ. ಶಾಮಿಯಾನದ ಅಂಗಡಿಯಿಂದ ಕೆಂಪು ಕುರ್ಚಿಗಳು ಬಂದಿವೆ. ದಿನಾ ಬನಿಯನ್ನಿನಲ್ಲಿ ಬರುವವರೆಲ್ಲ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಮಗಳ ಮದುವೆಯ ದಿಬ್ಬಣ ಕಾಯುವವರ ಹಾಗೆ ಸಾಲಾಗಿ ನಿಂತಿದ್ದಾರೆ.

"ಏನಿದು ಈರಜ್ಜ?" ಎಂದೆ.

ಈರಜ್ಜ ನಮ್ಮ ಸಂಘದಲ್ಲೇ ಹಿರಿಯ. ಕುರಿ ಕಾಯ್ದುಕೊಂಡು ಬಾಳಿದವನು, ಈಗ ಕುರಿ ಮಗನ ವಶಕ್ಕೆ ಕೊಟ್ಟು ಕೇಂದ್ರಕ್ಕೆ ಬರುತ್ತಾನೆ. ಹೆಗಲ ಮೇಲೆ ಕಂಬಳಿ ಇಲ್ಲದೆ ಅವನನ್ನು ಯಾರೂ ನೋಡಿಲ್ಲ. ಅಂದು ಹೆಗಲು ಖಾಲಿ ಇತ್ತು.

"ಏನಪ್ಪ ರುದ್ರಣ್ಣ, ದೊಡ್ಡ ಮನುಷ್ಯರು ಬರ್ತಾರೆ. ಗಲೀಜು ತೋರ್ಸಿ ಕಳ್ಸಾದಾ? ನಮಗೊಂದು ಮಾನ ಐತೋ ಇಲ್ಲೋ?"

"ಗಲೀಜು ತೋರಿಸೋಕೇ ಅಲ್ವೇನಜ್ಜ ಕರ್ದಿರೋದು!"

"ಅದು ಅವರೇ ತಿಳ್ಕಂಬೇಕು."

ಓಡಿ ಹಿತ್ತಲಿಗೆ ಹೋದೆ. ಹಗ್ಗ ಕಟ್ಟಿದ ಶೌಚಾಲಯದ ಬಾಗಿಲು ಕಾಣಲೇ ಇಲ್ಲ. ಅದರ ಮೇಲೆ ಈರಜ್ಜನ ಕರಿ ಕಂಬಳಿ ಇಳಿಬಿಟ್ಟಿತ್ತು. ಅಂಚಿನ ಕೆಂಪು ಎಳೆ ಬಿಸಿಲಿಗೆ ಹೊಳೆಯುತ್ತಿತ್ತು. ಕಂಬಳಿಯ ಎರಡೂ ಬದಿಗೆ ಚೆಂಡುಹೂವಿನ ಕುಂಡ ಬೇರೆ.

ತೆಗೆಸೋಣ ಎನ್ನುವಷ್ಟರಲ್ಲಿ ಜೀಪು ಬಂತು.

ಮುಖ್ಯಾಧಿಕಾರಿಗಳು ಸಜ್ಜನರು. ಮೆಲುಮಾತಿನವರು. ಒಳಗೆ ಬಂದು ಕುಳಿತ ಕೂಡಲೇ ಸಂಘದವರು ಒಬ್ಬೊಬ್ಬರಾಗಿ ಉಪಚಾರಕ್ಕೆ ನಿಂತರು. ಒಬ್ಬರ ತೋಟದ ಎಳನೀರು ಕುಡಿದರು. ಅವರ ತೋಟದ್ದು ಕುಡಿದು ತನ್ನ ತೋಟದ್ದು ಬಿಟ್ಟರೆ ಹೇಗೆ ಎಂದು ಇನ್ನೊಬ್ಬರು ಪಟ್ಟು ಹಿಡಿದರು. ಮೂರನೆಯವರಿಗೆ ತೋಟವಿರಲಿಲ್ಲ, ಅವರು ಮಜ್ಜಿಗೆ ತಂದಿದ್ದರು. ಸಾಹೇಬರು ಯಾರ ಮನಸ್ಸನ್ನೂ ನೋಯಿಸಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಕಿವಿಯ ಬಳಿ ಬಾಗಿ, "ರುದ್ರಣ್ಣ, ನನಗೂ ಒಂಚೂರು ಶುಗರ್ ಇದೆ. ಇಲ್ಲಿ ಎಲ್ಲಿ...?" ಎಂದರು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ನಾವು ಅರ್ಜಿ ಬರೆದು, ಅಲೆದು, ಕೈಮುಗಿದು ಯಾವ ಸಂಗತಿಯನ್ನು ಅವರಿಗೆ ತಿಳಿಸಲು ಹೆಣಗುತ್ತಿದ್ದೆವೋ ಅದೇ ಸಂಗತಿ ಅವರೊಳಗಿನಿಂದ ತಾನಾಗಿ ಎದ್ದು ಬಂದಿತ್ತು. ನಾನು ಮಾಡಬೇಕಾಗಿದ್ದುದು ಇಷ್ಟೆ: ಹಿತ್ತಲಿನ ಕಡೆ ಕೈ ತೋರಿಸಿ ಕಂಬಳಿ ಎತ್ತುವುದು.

ನಾನು ಎದ್ದು ನಿಂತು, "ಬರ್ರಿ ಸಾರ್," ಎಂದೆ.

ಕೇಂದ್ರದ ಹಿತ್ತಲಿಗೂ ಪಕ್ಕದ ಮನೆ ರತ್ನಮ್ಮನವರ ಹಿತ್ತಲಿಗೂ ನಡುವೆ ಗೋಡೆಯಿಲ್ಲ. ಅವರ ಬಚ್ಚಲುಮನೆ ಹಿತ್ತಲಿನಲ್ಲೇ ಇದೆ. ಹೊಸ ಟೈಲ್ಸ್ ಹಾಕಿಸಿದ್ದಾರೆ. ಸಾಹೇಬರು ಅಲ್ಲಿಗೆ ಹೋದರು. ರತ್ನಮ್ಮನವರು ಎಲ್ಲಿಂದಲೋ ಹೊಸ ಸೋಪು ಒಡೆದು ತಂದರು, ನಾನು ಟವೆಲ್ ಹಿಡಿದು ಹೊರಗೆ ನಿಂತೆ. ನಮ್ಮ ಸೀಮೆಯಲ್ಲಿ ಬಂದವರಿಗೆ ಹರಿದ ಚಾಪೆ ಹಾಸುವುದಿಲ್ಲ. ಪಕ್ಕದ ಮನೆಯಿಂದಾದರೂ ತಂದು ಒಳ್ಳೆಯದನ್ನೇ ಹಾಸುತ್ತೇವೆ. ಕಾಲು ಅಭ್ಯಾಸದಂತೆ ನಡೆಯಿತು.

ಸಾಹೇಬರು ಕೈ ಒರೆಸಿಕೊಳ್ಳುತ್ತಾ ಹೊರಬಂದರು. "ಎಷ್ಟು ನೀಟಾಗಿ ಇಟ್ಕೊಂಡಿದೀರ್ರಿ! ನಮ್ಮ ಆಫೀಸಲ್ಲೂ ಹೀಗಿಲ್ಲ."

ತಪ್ಪು ಮಾಹಿತಿ ಅಚ್ಚಾದರೆ ಮರುದಿನವೇ ತಿದ್ದುಪಡಿ ಹಾಕುವ ಶಿಸ್ತು ನಮ್ಮದು. ಆಗ ಮಾತ್ರ ಬಾಯಿಗೆ ಬಂದದ್ದು, "ಎಲ್ಲ ತಮ್ಮ ಆಶೀರ್ವಾದ ಸಾರ್!"

ಹೋಗುವಾಗ ಅವರು ಕಂಬಳಿಯ ಮುಂದೆ ನಿಂತು ಮುಟ್ಟಿ ನೋಡಿದರು. "ಒಳ್ಳೆ ಕೈಮಗ್ಗದ್ದು," ಎಂದರು. ಈರಜ್ಜನ ಎದೆ ಉಬ್ಬಿತು.

ವಾರದೊಳಗೆ ಪರಿಶೀಲನಾ ಟಿಪ್ಪಣಿ ಬಂತು. "ಕೇಂದ್ರವು ಸುವ್ಯವಸ್ಥಿತವಾಗಿದ್ದು ಸ್ವಚ್ಛತೆ ಶ್ಲಾಘನೀಯ. ಶೌಚ ವ್ಯವಸ್ಥೆ ಅತ್ಯುತ್ತಮ. ಸದ್ಯಕ್ಕೆ ಅನುದಾನದ ಅಗತ್ಯ ಕಂಡುಬರುವುದಿಲ್ಲ."

ಟಿಪ್ಪಣಿಯನ್ನು ಗಿರಿಜೆಯ ಕೈಗೆ ಕೊಡದೆ ಓದಿ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಯಾರ ಮನೆಗೆ ಕರ್ಕಂಡ್ ಹೋಗಿದ್ರಂತೆ?"

"ರತ್ನಮ್ಮೋರ ಮನೆಗೆ."

"ಯಾರು?"

"ನಾನೇ."

"ಪೇಪರ್‌ನೋರಿಗೆ ಸುದ್ದಿ ಬರೆಯಾಕೆ ಇಷ್ಟು ಸಾಕು," ಎಂದು ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಕವಡೆಗಳ ಸದ್ದು ಆ ಮಧ್ಯಾಹ್ನ ಕೇಳಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಹೊಸ ಅರ್ಜಿ ಬರೆದೆ. ಸಾಹೇಬರು ಬಳಸಿದ್ದು ಖಾಸಗಿ ಸ್ವತ್ತೆಂದೂ, ಸದರಿ ಸ್ವತ್ತಿಗೂ ಕೇಂದ್ರಕ್ಕೂ ಸಂಬಂಧವಿಲ್ಲವೆಂದೂ, ಮರುಪರಿಶೀಲನೆ ಆಗಬೇಕೆಂದೂ ಕೋರಿದೆ. ಅವರು ನಕ್ಕು, "ಬಜೆಟ್ ಸಭೆ ಇನ್ನೂ ಆಗಿಲ್ಲ. ಸಂಕ್ರಾಂತಿ ಆದ್ಮೇಲೆ ಬರ್ತೀನಿ ಬಿಡಿ," ಎಂದರು.

ಈ ಸಲ ಯಾವುದನ್ನೂ ಅದೃಷ್ಟಕ್ಕೆ ಬಿಡಲಿಲ್ಲ. ಗುಡಿಸಕೂಡದು, ಸಾರಿಸಕೂಡದು, ಕುರ್ಚಿ ತರಕೂಡದು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ. ರತ್ನಮ್ಮನವರು ಬಚ್ಚಲಿಗೆ ಬೀಗ ಜಡಿದು ಆದಿವಾಲದಲ್ಲಿರುವ ಮಗಳ ಮನೆಗೆ ಹೋಗಲು ಒಪ್ಪಿದರು. ಯೋಜನೆಯ ತಿರುಳು ಗಿರಿಜೆಯದು.

"ಈ ಸಲ ನಾನೂ ಬರ್ತೀನಿ," ಎಂದಳು. "ಒಂದು ದೊಡ್ಡ ತಪ್ಪಲೆ ಮಜ್ಜಿಗೆ ತರ್ತೀನಿ. ಸಾಹೇಬ್ರಿಗೆ ನಾನೇ ಕುಡಿಸ್ತೀನಿ. ಆಮ್ಯಾಕೆ ಅವರೇ ಕೇಳ್ತಾರೆ. ನೀವು ಏನ್ ಮಾಡ್ಬೇಕು?"

"ಹಿತ್ತಲು ತೋರಿಸ್ಬೇಕು."

"ಇನ್ನೊಂದ್ಸಲ ಹೇಳ್ರಿ."

"ಹಿತ್ತಲು ತೋರಿಸ್ಬೇಕು."

ಮರುಪರಿಶೀಲನೆಯ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಕೇಂದ್ರ ನಾನು ಬಯಸಿದ ಹಾಗೇ ಇತ್ತು. ಧೂಳು ತುಂಬಿತ್ತು. ಬಾಗಿಲಿಗೆ ಹಾಕುವುದಿಲ್ಲವೆಂದು ಕೊಟ್ಟ ಮಾತಿಗೆ ತಪ್ಪದೆ ಈರಜ್ಜ ಕಂಬಳಿಯನ್ನು ಹೆಗಲಿಗೇರಿಸಿ ಬಂದ, ಅದನ್ನು ಕಿಟಕಿಯ ಮೇಲಿಟ್ಟು ಬಿಸಿಲು ಕಾಯಿಸಲು ಹೊರಗೆ ಕುಳಿತ. ಜೀಪಿನ ಸದ್ದು ಕೇಳಿಸಿತು. ಸಾಹೇಬರು ಒಳಗೆ ಬಂದಾಗ ಮೆಟ್ಟಿಲು ಗುಡಿಸಿತ್ತು, ಹಿತ್ತಲಿನ ಮುರುಕು ಬಾಗಿಲ ಮೇಲೆ ಕಂಬಳಿ ಇಳಿಬಿದ್ದಿತ್ತು. ಅದನ್ನು ಯಾರು ಮಾಡಿದರು ಎಂಬ ಬಗ್ಗೆ ತನಿಖೆ ನಡೆದಿಲ್ಲ. ಪೊರಕೆ ನನ್ನ ಕೈಯಲ್ಲೇ ಇತ್ತು.

ಗಿರಿಜೆ ಪೊರಕೆ ನೋಡಿದಳು, ನನ್ನ ಮುಖ ನೋಡಿದಳು, ಮಜ್ಜಿಗೆ ಬಗ್ಗಿಸಿದಳು.

"ಕುಂತ್ಕಳ್ರಿ ಸಾಹೇಬ್ರೆ. ಇಂಗು, ಕರಿಬೇವು ಹಾಕೀನಿ. ಇನ್ನೊಂದ್ಲೋಟ ಕುಡೀರಿ."

"ಸಾಕಮ್ಮ."

"ನಮ್ಮನೆ ಎಮ್ಮೆ ಹಾಲಿಂದ್ರಿ. ಬ್ಯಾಡ ಅನ್ನಬಾರ್ದು."

ಸಾಹೇಬರು ಬೇಡ ಅನ್ನಲಿಲ್ಲ. ನಮಗೆ ಎಮ್ಮೆ ಇಲ್ಲ ಎಂಬುದು ಬೇರೆ ವಿಚಾರ. ಇಳಿಜಾರಿನ ಬಗ್ಗೆ, ನಲ್ಲಿಯ ಬಗ್ಗೆ ಮಾತಾಡುತ್ತಾ ಅವರು ಕುಳಿತಲ್ಲೇ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿದರು. ಮತ್ತೆ ಬದಲಾಯಿಸಿದರು. ಯೋಜನೆ ಫಲ ಕೊಡುತ್ತಿತ್ತು! ಕೊನೆಗೆ ಎದ್ದೇಬಿಟ್ಟರು.

"ರುದ್ರಣ್ಣ, ಪಕ್ಕದ ಮನೇದು ನಿಮ್ಮದಲ್ಲ ಅಂತ ಬರೆದಿದ್ರಿ. ಹಾಗಾದ್ರೆ ನಿಮ್ಮದು ಎಲ್ಲಿದೆ?"

ಗಿರಿಜೆಯ ಕಣ್ಣು ಹಿತ್ತಲಿನ ಕಡೆ ಹೊರಳಿತು. ನನ್ನ ಕೈ ಹಿತ್ತಲಿನ ಕಡೆಗೇ ಎದ್ದಿತು, ಇದಕ್ಕೆ ಸಾಕ್ಷಿಗಳಿದ್ದಾರೆ. ಆದರೆ ಆ ಸಜ್ಜನರ ಮುಖದ ಮೇಲೆ ಬೆವರು ಹನಿಯುತ್ತಿತ್ತು. ಅದನ್ನು ನೋಡಿ ನನ್ನ ಬಾಯಿ ಹೇಳಿತು: "ನಮ್ಮ ಮನೆ ಎರಡೇ ಬೀದಿ ಸಾರ್. ಸ್ಕೂಟರ್ ಐತೆ, ಬರ್ರಿ!"

ಜೀಪಿನ ಡ್ರೈವರ್ ಟೀ ಕುಡಿಯಲು ಹೋಗಿದ್ದ. ಸ್ಕೂಟರಿಗೆ ನನ್ನಷ್ಟೇ ವಯಸ್ಸಾಗಿದೆ. ಒದ್ದರೆ ಹತ್ತುವುದಿಲ್ಲ, ಒಂದು ಪಕ್ಕಕ್ಕೆ ವಾಲಿಸಿ, ಸಮಾಧಾನ ಹೇಳಿ, ಆಮೇಲೆ ಒದೆಯಬೇಕು. ಸಾಹೇಬರು ಪಕ್ಕದಲ್ಲಿ ಎರಡು ಕಾಲೂ ಜೋಡಿಸಿ ನಿಂತು, "ಬೇಗ ರುದ್ರಣ್ಣ," ಎನ್ನುತ್ತಿದ್ದರು. ಅಂತೂ ಹೊರಟಿತು. ಆ ಎರಡು ಬೀದಿಗಳಲ್ಲಿ ಪುರಸಭೆಯವರು ವೇಗ ತಡೆಯಲು ಉಬ್ಬುಗಳನ್ನು ಹಾಕಿಸಿದ್ದಾರೆ. ಒಂದೊಂದು ಉಬ್ಬಿಗೂ ಹಿಂದಿನಿಂದ, "ಅಯ್ಯೋ! ಇದನ್ನ ಯಾರ್ರಿ ಹಾಕಿಸಿದ್ದು?" ಎಂಬ ಪ್ರಶ್ನೆ ಬರುತ್ತಿತ್ತು.

"ತಾವೇ ಸಾರ್," ಎಂದೆ. ವರದಿಗಾರ ವಾಸ್ತವಾಂಶ ಮುಚ್ಚಿಡಬಾರದು.

ನಮ್ಮ ಮನೆಯಲ್ಲಿ ಕಾರ್ಯ ಸುಸೂತ್ರವಾಗಿ ನೆರವೇರಿತು. ಸೋಪು, ಟವೆಲ್, ಎಲ್ಲ ಒದಗಿಸಿದೆ. ಮರಳಿ ಬರುವಾಗ ಸಾಹೇಬರು ಬಹಳ ಉಲ್ಲಾಸದಲ್ಲಿದ್ದರು. ಉಬ್ಬುಗಳ ಬಗ್ಗೆ ತಕರಾರು ಇರಲಿಲ್ಲ. ಕೇಂದ್ರದ ಮೆಟ್ಟಿಲ ಬಳಿ ಬಂದಾಗಲೇ ನನಗೆ ನಾನು ಏನು ಮಾಡಿದೆನೆಂದು ಹೊಳೆದದ್ದು. ಈರಜ್ಜ ಕೂಡ ನೆಲ ನೋಡುತ್ತಿದ್ದ. ಗಿರಿಜೆ ಬಾಗಿಲಲ್ಲೇ ನಿಂತಿದ್ದಳು.

"ನಮ್ಮನೆ ಬಚ್ಚಲು ಹೆಂಗಿತ್ರಿ ಸಾಹೇಬ್ರೆ?" ಎಂದು ಕೇಳಿದಳು.

"ಚೆನ್ನಾಗಿತ್ತಮ್ಮ. ತುಂಬಾ ಉಪಕಾರ ಆಯ್ತು."

"ನಂಗೂ ಸಕ್ಕರೆ ಕಾಯ್ಲೆ ಐತ್ರಿ. ನಿಮ್ಮಂಗೇ ಆತುರ ಆಗ್ತೈತೆ. ಇಲ್ಲಿ ಬರೋ ಹೆಂಗಸರು ಯಾರೂ ಬೆಳಿಗ್ಗೆಯಿಂದ ನೀರು ಕುಡಿಯಂಗಿಲ್ಲ. ನಿಮ್ಮನ್ನ ನಮ್ಮೋರು ಸ್ಕೂಟರಾಗೆ ಕರ್ಕಂಡ್ ಹೋದ್ರು." ಸ್ಕೂಟರ್ ಕಡೆ ಕೈ ತೋರಿಸಿದಳು. "ನನ್ನ ಯಾರೂ ಕರ್ಕಂಡ್ ಹೋಗಲ್ರಿ."

ಸಾಹೇಬರು ನನ್ನ ಕಡೆ ನೋಡಿದರು. ನಾನು ಸ್ಕೂಟರ್ ಕಡೆ ನೋಡಿದೆ.

"ಎಲ್ಲಮ್ಮ ಅದು? ತೋರಿಸಿ," ಎಂದರು.

ಅವಳು ಮುಂದೆ, ಅವರು ಹಿಂದೆ. ಹಿತ್ತಲಿಗೆ ಹೋಗಿ ಗಿರಿಜೆ ಒಂದೇ ಸಲಕ್ಕೆ ಕಂಬಳಿ ಎಳೆದಳು. ಸಾಹೇಬರು ಬಾಗಿಲಿನ ಹಗ್ಗ ಬಿಚ್ಚಲು ಹೋದರು. ಬರಲಿಲ್ಲ.

"ಅದು ಟಗರು ಕಟ್ಟೋ ಗಂಟು ಸಾಮಿ," ಎಂದು ಈರಜ್ಜ ಮುಂದೆ ಬಂದ. "ಬಿಡ್ರಿ, ನಾನ್ ಬಿಚ್ತೀನಿ."

ಗಂಟು ಬಿಚ್ಚಿದ. ಬಾಗಿಲು ತೆರೆಯುವ ಅಗತ್ಯ ಬೀಳಲಿಲ್ಲ, ಅದು ತಾನಾಗಿ ಸಾಹೇಬರ ಕಾಲಬಳಿ ಮಲಗಿತು. ಒಳಗಿದ್ದ ಓತಿಕ್ಯಾತವೊಂದು ನಮ್ಮೆಲ್ಲರನ್ನೂ ಪರಿಶೀಲಿಸಿ ಗೋಡೆ ಹತ್ತಿತು. ಸಾಹೇಬರು ಬಹಳ ಹೊತ್ತು ಅಲ್ಲೇ ನಿಂತಿದ್ದರು. ಆಮೇಲೆ ಜೀಪು ಹತ್ತಿದರು.

ಬಜೆಟ್ ಸಭೆಯಲ್ಲಿ ನಮ್ಮ ವಿಷಯ ಬಂದಾಗ, ಖಚಿತ ಮೂಲಗಳ ಪ್ರಕಾರ, ಸದಸ್ಯರೊಬ್ಬರು ಕಮಾನಿನ ಪರ ಮಾತಾಡಿದರು. ಸಾಹೇಬರು ಎದ್ದು, "ಕಮಾನಿನ ಕೆಳಗೆ ಯಾರಿಗೂ ಆತುರ ಆಗಲ್ಲ ಸಾರ್," ಎಂದರಂತೆ. ಅನುದಾನ ಮಂಜೂರಾಯಿತು. ಆದೇಶದಲ್ಲಿ "ಶ್ರೀಮತಿ ಗಿರಿಜಮ್ಮನವರ ಮೌಖಿಕ ಮನವಿಯ ಮೇರೆಗೆ" ಎಂದಿತ್ತು. ನನ್ನ ಎರಡು ಲಿಖಿತ ಅರ್ಜಿಗಳ ಉಲ್ಲೇಖವಿರಲಿಲ್ಲ. ರೋಮಾಂಚನ ತಂದಿದ್ದ ವಾಕ್ಯದ ಉಲ್ಲೇಖವೂ ಇರಲಿಲ್ಲ!

ಇಳಿಜಾರು ಮೊದಲು ಮುಗಿಯಿತು. ಯುಗಾದಿ ಕಳೆದ ಮೇಲೆ ಶೌಚಾಲಯದ ಗೋಡೆ ಎದ್ದಿತು, ನಲ್ಲಿ ಬಂತು. ಹೋದ ವಾರ ಉದ್ಘಾಟನೆಯ ಸಿದ್ಧತೆಗೆ ಸಂಘದ ಸಭೆ ಸೇರಿತು. ಒಂದು ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು: "ಗಣ್ಯರು ಕೇಂದ್ರಕ್ಕೆ ಭೇಟಿ ನೀಡುವ ದಿನಗಳಲ್ಲಿ ಕಾರ್ಯದರ್ಶಿಗಳು ಕೇಂದ್ರದ ಆಸುಪಾಸಿನಲ್ಲಿ ಸುಳಿಯತಕ್ಕದ್ದಲ್ಲ." ಸೂಚಿಸಿದವರು ಗಿರಿಜಮ್ಮ. ಅನುಮೋದಿಸಿದವರು ಈರಜ್ಜ. ನಡಾವಳಿ ಬರೆದವರು ಕಾರ್ಯದರ್ಶಿ.

ಇವತ್ತು ಉದ್ಘಾಟನೆ. ಗಿರಿಜೆ ಬೆಳಿಗ್ಗೆ ಒಂದು ಚೊಂಬು ನೀರು ಕುಡಿದು, ಕವಡೆಗಳನ್ನು ಸೀರೆಯ ತುದಿಗೆ ಕಟ್ಟಿಕೊಂಡು ಹೊರಟಳು. ಹೊರಡುವ ಮುಂಚೆ ನಮ್ಮ ಬಚ್ಚಲುಮನೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಇದೇನೇ?" ಎಂದೆ.

"ನಿಮ್ಮನ್ನ ನಂಬಂಗಿಲ್ಲ. ಮತ್ತೆ ಯಾರನ್ನಾರ ಕರ್ಕಂಡ್ ಬರ್ತೀರಿ."

"ನನಗೆ ಬೇಕಾದ್ರೆ?"

"ಕೇಂದ್ರದಾಗೆ ಹೊಸದು ಐತಲ್ಲ."

"ಅಲ್ಲಿಗೆ ನಾನು ಬರೋ ಹಂಗಿಲ್ಲವಲ್ಲ!"

"ನಿರ್ಣಯ ನೀವೇ ಬರ್ದಿದ್ದು," ಎಂದು ಗೇಟು ಹಾಕಿಕೊಂಡು ಹೋದಳು.

ಈಗ ಮಧ್ಯಾಹ್ನ ಹನ್ನೆರಡು ದಾಟಿದೆ. ಮೈಕಿನ ಸದ್ದು ಇಲ್ಲಿಗೂ ಕೇಳಿಸುತ್ತಿದೆ, ಪುರಸಭೆ ಅಧ್ಯಕ್ಷರ ಭಾಷಣ ಇನ್ನೂ ಶುರುವಾಗಿಲ್ಲ. ಸಮಾರಂಭದ ನಂತರ ಹೆಂಗಸರ ಚೌಕಾಬಾರ ಸ್ಪರ್ಧೆ ಇದೆ, ಮುಗಿಯುವವರೆಗೂ ನಡೆಯುತ್ತದೆ ಎಂದು ಘೋಷಿಸಿದರು. ನಾನು ಬೆಳಿಗ್ಗೆಯಿಂದ ನೀರು ಕುಡಿದಿಲ್ಲ.